ಸಿಗದೇ ಉಳಿದದ್ದರ ಲೆಕ್ಕ

ರಾಶಿ ಬಿದ್ದ ಬರಹಗಳ ನಡುವಿನಿಂದ ಬೇಕಾದದ್ದನ್ನು ಹುಡುಕಿ ಕೈಗಿಡುವ ವಿದ್ಯೆಗೆ ಇನ್‌ಫರ್ಮೇಶನ್ ರಿಟ್ರೀವಲ್ ಎಂದು ಹೆಸರು. 1950ರಲ್ಲಿ ಈ ಹೆಸರನ್ನು ಚಲಾವಣೆಗೆ ತಂದವರು ಅಮೆರಿಕದ ಕ್ಯಾಲ್ವಿನ್ ಮೂಯರ್ಸ್. ಕನ್ನಡದಲ್ಲಿ ಮಾಹಿತಿ ಮರುಪಡೆಯುವಿಕೆ ಎನ್ನಬಹುದು. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ತರಗತಿಗಳಲ್ಲಿ ಮಾತ್ರ ಅದು ಬರೀ ‘ಐಆರ್ ಪೇಪರ್’. ಮೊಬೈಲಿನಲ್ಲಿ ಎರಡು ಪದ ಒತ್ತಿದರೆ ಹತ್ತು ಉತ್ತರ ಉದುರುವ ಕಾಲದಲ್ಲಿ ಇದನ್ನು ಕೂತು ಓದುವುದೇನಿದೆ ಎಂಬ ಪ್ರಶ್ನೆ ಸಹಜವೇ. ಬಂದ ಹತ್ತು ಉತ್ತರ ಎಲ್ಲರ ಕಣ್ಣಿಗೂ ಬೀಳುತ್ತವೆ. ಬರಬೇಕಾಗಿದ್ದು ಬರದೇ ಹೋದವು ಎಷ್ಟು, ಯಾಕೆ ಬರಲಿಲ್ಲ ಎಂಬುದು ಹುಡುಕಿದವನಿಗೆ ಗೊತ್ತೇ ಆಗುವುದಿಲ್ಲ. ಐಆರ್ ಪೇಪರಿನ ಜೀವ ಇರುವುದು ಅಲ್ಲಿ.

ಕರ್ನಾಟಕದಲ್ಲಿ ಈ ಓದಿಗೆ ಅರವತ್ತು ದಾಟಿದ ವಯಸ್ಸು. ಎಸ್.ಆರ್. ರಂಗನಾಥನ್ ಅವರ ಮುಂದಾಳತ್ವದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ತೆರೆಯಿತು. ಈ ಕ್ಷೇತ್ರದವರ ಬಾಯಲ್ಲಿ ಅದು ಡಿಆರ್‌ಟಿಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಮೈಸೂರು ವಿಶ್ವವಿದ್ಯಾಲಯದಲ್ಲೂ ಅದೇ ದಶಕದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗಗಳು ಹುಟ್ಟಿದವು. ಸಾಮಾನ್ಯವಾಗಿ ಯಾವ ಪದವಿ ಓದಿದವರಿಗೂ ಇಲ್ಲಿ ಬಾಗಿಲು ತೆರೆದಿರುತ್ತದೆ. ಹಳಗನ್ನಡ ಓದಿ ಬಂದವರು, ರಸಾಯನಶಾಸ್ತ್ರದವರು, ಬಿ.ಕಾಂ. ಮುಗಿಸಿದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹಾಗಾಗಿ ಅರ್ಧ ತರಗತಿಗೆ ಲಾಗರಿದಮ್ ಎಂದರೆ ಜ್ವರ, ಉಳಿದರ್ಧಕ್ಕೆ ಸಮಾನಾರ್ಥಕ ಪದಗಳೆಂದರೆ ಆಕಳಿಕೆ. ಈ ವಿಷಯಕ್ಕೆ ಎರಡೂ ಬೇಕು.

ಬಿಡಿಭಾಗಗಳ ಜೋಡಣೆ

ಓದು ಶುರುವಾಗುವುದು ಕಂಪ್ಯೂಟರಿನಿಂದಲ್ಲ, ವರ್ಗೀಕರಣದಿಂದ. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡು 1924ರಲ್ಲಿ ತರಬೇತಿಗೆಂದು ಲಂಡನ್ನಿಗೆ ಹೋದಾಗ, ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆ ಕಂಡರು. ಅವೇ ತಗಡಿನ ಪಟ್ಟಿ, ಅವೇ ನಟ್ಟು-ಬೋಲ್ಟು. ಜೋಡಣೆ ಬದಲಾದಂತೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿಭಾಗಗಳಿಂದ ಯಾಕೆ ಕಟ್ಟಬಾರದು ಎಂಬ ಯೋಚನೆ 1933ರಲ್ಲಿ ದ್ವಿಬಿಂದು ವರ್ಗೀಕರಣವಾಗಿ ಅಚ್ಚಾಯಿತು. ಡ್ಯೂಯಿ ದಶಮಾಂಶ ಪದ್ಧತಿ ಬಹುಮಟ್ಟಿಗೆ ಮೊದಲೇ ಮಾಡಿಟ್ಟ ಗೂಡುಗಳ ಕಪಾಟು. ರಂಗನಾಥನ್ ಕೊಟ್ಟದ್ದು ಗೂಡು ಕಟ್ಟಿಕೊಳ್ಳುವ ಸಾಮಾನು.

ತರಗತಿಯಲ್ಲಿ ತಪ್ಪದೆ ಬರುವ ಒಂದು ಉದಾಹರಣೆ: ‘ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆ ಕುರಿತು 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ’. ದ್ವಿಬಿಂದು ಪದ್ಧತಿಯಲ್ಲಿ ಇದರ ಸಂಖ್ಯೆ ಎಲ್,45;421:6;253:ಎಫ್.44'ಎನ್5. ಮೊದಲ ನೋಟಕ್ಕೆ ಟೆಲಿಗ್ರಾಂ ಕೆಟ್ಟು ಬಂದಂತಿದೆ. ಬಿಡಿಸಿದರೆ ಒಂದು ಅಕ್ಷರವೂ ವ್ಯರ್ಥವಲ್ಲ. ಎಲ್ ಎಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್-ರೇ, ಎಫ್ ಸಂಶೋಧನೆ, 44 ಭಾರತ, ಎನ್5 ಎಂಬುದು 1950. ನಡುವಿನ ಅಲ್ಪವಿರಾಮ, ಅರ್ಧವಿರಾಮ, ದ್ವಿಬಿಂದು, ಚುಕ್ಕಿಗಳು ಮುಂದೆ ಬರುವುದು ವಸ್ತುವೋ, ಕ್ರಿಯೆಯೋ, ಸ್ಥಳವೋ ಎಂದು ಸೂಚಿಸುತ್ತವೆ. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಯಾವ ವಿಷಯವನ್ನೂ ಒಡೆದು ನೋಡಬಹುದು ಎನ್ನುವುದು ಇದರ ಹಿಂದಿರುವ ವಾದ. ಇದೇ ಸಂಖ್ಯೆಯನ್ನು ಕೊನೆಯಿಂದ ಮೊದಲಿಗೆ ಓದುತ್ತ, ಒಂದೊಂದು ಕೊಂಡಿಗೂ ಅಕಾರಾದಿ ಸೂಚಿಯಲ್ಲಿ ಒಂದೊಂದು ನಮೂದು ಬರೆಯುವುದು ಸರಣಿ ಸೂಚೀಕರಣ. ಎಕ್ಸ್-ರೇ ಎಂದು ಹುಡುಕಿ ಬಂದವರಿಗೂ ಕ್ಷಯ ಎಂದು ಬಂದವರಿಗೂ ಒಂದೊಂದು ಬಾಗಿಲು ಸಿಗಲಿ ಎಂಬುದು ಉದ್ದೇಶ.

ಪರೀಕ್ಷೆಯಲ್ಲಿ ಶೀರ್ಷಿಕೆ ಕೊಟ್ಟು ಸಂಖ್ಯೆ ಕಟ್ಟಿಸುವ ಈ ಪದ್ಧತಿಯನ್ನು ಬಾಯಿಪಾಠವೆಂದು ಗೊಣಗುವವರಿದ್ದಾರೆ. ಆ ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ. ಕಪಾಟಿನಲ್ಲಿ ದ್ವಿಬಿಂದು ಸಂಖ್ಯೆ ಹೊತ್ತ ಪುಸ್ತಕ ಇಂದು ಸಿಗುವುದೇ ಅಪರೂಪ. ಆದರೂ ಒಂದು ವಿಷಯವನ್ನು ಮುಖಗಳಾಗಿ ಒಡೆಯುವ ಅಭ್ಯಾಸ ಆಮೇಲೆ ಕೈಬಿಡುವುದಿಲ್ಲ. ಆನ್‌ಲೈನ್ ಅಂಗಡಿಯಲ್ಲಿ ಸೀರೆಯನ್ನು ಬಣ್ಣ, ಬಟ್ಟೆ, ಬೆಲೆ ಎಂದು ಒಂದೊಂದಾಗಿ ಗುರುತು ಹಾಕಿ ಸೋಸುವಾಗ ನಡೆಯುವುದೂ ಇದೇ ಕೆಲಸ.

ಸೂಳೆಕೆರೆ ಎಲ್ಲಿದೆ?

ಹುಡುಕಾಟ ಹಳಿ ತಪ್ಪುವುದು ಹೇಗೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಹಿರಿಯರೊಬ್ಬರು ಗ್ರಂಥಾಲಯದ ಕೌಂಟರಿಗೆ ಬಂದರೆನ್ನೋಣ. “ಮೇಡಂ, ದಾವಣಗೆರೆ ಜಿಲ್ಲೆ ಶಾಸನದ ಪುಸ್ತಕ ಐತೇನ್ರೀ?” ಎಂದು ಕೇಳುತ್ತಾರೆ. ಕೇಳಿದ್ದನ್ನೇ ಹಿಡಿದು ಹುಡುಕಿದರೆ ಕೆಲಸ ಕೆಡುತ್ತದೆ. “ಯಾವ ಊರಿನ ಶಾಸನ ಬೇಕಿತ್ತು ಯಜಮಾನರೇ?” ಎಂದು ಮರುಪ್ರಶ್ನೆ ಹಾಕಿದಾಗಲೇ ಅವರಿಗೆ ಬೇಕಾದದ್ದು ಸೂಳೆಕೆರೆಯ ಆಸುಪಾಸಿನ ಊರುಗಳದ್ದು ಎಂದು ಹೊರಬೀಳುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯಲ್ಲಿ ಚನ್ನಗಿರಿಯ ಶಾಸನಗಳು ಇರುವುದು 1902ರ ಏಳನೆಯ ಸಂಪುಟದಲ್ಲಿ, ಶಿವಮೊಗ್ಗ ಜಿಲ್ಲೆಯ ಲೆಕ್ಕದಲ್ಲಿ. ದಾವಣಗೆರೆ ತಾಲ್ಲೂಕಿನದ್ದಾದರೋ ಚಿತ್ರದುರ್ಗದ ಸಂಪುಟದಲ್ಲಿದೆ. ಸಾಲದ್ದಕ್ಕೆ ಸೂಳೆಕೆರೆಗೆ ಶಾಂತಿಸಾಗರ ಎಂಬ ಇನ್ನೊಂದು ಹೆಸರು. ಪುಸ್ತಕ ಕಪಾಟಿನಲ್ಲೇ ಇದೆ. ಕೇಳಿದ ಮಾತಿಗೂ ಬೆನ್ನಪಟ್ಟಿಯ ಮಾತಿಗೂ ನಡುವೆ ತೊಂಬತ್ತೈದು ವರ್ಷಗಳ ಅಂತರ.

ರಾಬರ್ಟ್ ಟೇಲರ್ 1968ರಲ್ಲಿ ವಿವರಿಸಿದ್ದು ಇದನ್ನೇ. ಮನಸ್ಸಿನೊಳಗೆ ಅಸ್ಪಷ್ಟವಾಗಿ ಏಳುವ ಕೊರತೆ ನಾಲ್ಕು ಹಂತ ದಾಟಿ, ಗ್ರಂಥಾಲಯದಲ್ಲಿ ಏನು ಸಿಗಬಹುದು ಎಂಬ ಊಹೆಗೆ ತಕ್ಕಂತೆ ಕುಗ್ಗಿ, ಕೊನೆಗೆ ಕೌಂಟರಿನ ಮುಂದೆ ಪ್ರಶ್ನೆಯಾಗುತ್ತದೆ. ಗ್ರಂಥಪಾಲಕರು ಆ ಹಂತಗಳನ್ನು ಹಿಮ್ಮುಖವಾಗಿ ಇಳಿಯಬೇಕು. ಕ್ಯಾಟಲಾಗಿನ ‘ನೋಡಿ’ ಕಾರ್ಡುಗಳು ಇದೇ ಕೆಲಸವನ್ನು ಮೊದಲೇ ಮಾಡಿಡುತ್ತವೆ: ಶಾಂತಿಸಾಗರ, ನೋಡಿ ಸೂಳೆಕೆರೆ; ಪುಟ್ಟಪ್ಪ ಕೆ.ವಿ., ನೋಡಿ ಕುವೆಂಪು; ಅಂಬಿಕಾತನಯದತ್ತ, ನೋಡಿ ಬೇಂದ್ರೆ ದ.ರಾ. ಕಾವ್ಯನಾಮಗಳ ಈ ನಾಡಿನಲ್ಲಿ ಇಂಥ ಕಾರ್ಡುಗಳಿಗೆ ಕೊನೆಯಿಲ್ಲ.

ಕೆರೆಯೂ ಕೆರೆತವೂ

ಕಂಪ್ಯೂಟರಿನ ಸರದಿ ಬರುವುದು ಇನ್ವರ್ಟೆಡ್ ಇಂಡೆಕ್ಸಿನಿಂದ. ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಯಾವ ಯಾವ ಬರಹದಲ್ಲಿದೆ ಎಂಬ ಪಟ್ಟಿ ಅದು. ನಾಲ್ಕು ಸುದ್ದಿ ತಲೆಬರಹಗಳನ್ನು ಕಲ್ಪಿಸಿಕೊಂಡರೆ ಸಾಕು, ತೊಡಕು ಕಾಣಿಸುತ್ತದೆ. ‘ಕೆರೆ ಹೂಳೆತ್ತಲು ಟೆಂಡರ್’, ‘ಕೆರೆಗೆ ಹರಿದ ಕೊಳಚೆ ನೀರು’, ‘ಶಾಂತಿಸಾಗರದ ಒತ್ತುವರಿ ಸರ್ವೆ’, ‘ಚರ್ಮದ ಕೆರೆತಕ್ಕೆ ಮನೆಮದ್ದು’. ಕೆರೆ ಎಂದಷ್ಟೇ ಹುಡುಕಿದರೆ ಯಂತ್ರಕ್ಕೆ ಮೊದಲನೆಯದು ಮಾತ್ರ ಸಿಗುತ್ತದೆ. ‘ಕೆರೆಗೆ’ ಅದರ ಪಾಲಿಗೆ ಬೇರೆಯೇ ಪದ. ‘ಕೆರೆ’ ಎಂದು ಆರಂಭವಾಗುವ ಎಲ್ಲವನ್ನೂ ತಾ ಎಂದರೆ ಎರಡನೆಯದು ಬರುತ್ತದೆ, ಜೊತೆಗೆ ಕೆರೆತದ ಮನೆಮದ್ದೂ ಬರುತ್ತದೆ. ಮೂರನೆಯದು ಹೇಗೆ ಮಾಡಿದರೂ ಬರುವುದಿಲ್ಲ. ಅದಕ್ಕೆ ‘ನೋಡಿ’ ಕಾರ್ಡಿನ ಬುದ್ಧಿಯೇ ಬೇಕು.

ಈ ಎಳೆದಾಟವನ್ನು ಅಳೆಯಲು ಎರಡು ಅಳತೆಗೋಲುಗಳಿವೆ. ಸಂಗ್ರಹದಲ್ಲಿದ್ದ ಉಪಯುಕ್ತ ಬರಹಗಳಲ್ಲಿ ಎಷ್ಟು ಪಾಲು ಕೈಗೆ ಬಂತು ಎಂಬುದು ರೀಕಾಲ್. ಕೈಗೆ ಬಂದದ್ದರಲ್ಲಿ ಎಷ್ಟು ಪಾಲು ಉಪಯುಕ್ತ ಎಂಬುದು ಪ್ರಿಸಿಷನ್. ಕೆರೆಗಳ ಬಗ್ಗೆ ಒಟ್ಟು 20 ವರದಿಗಳಿವೆ ಎಂದುಕೊಳ್ಳಿ. ಮೊದಲ ಹುಡುಕಾಟಕ್ಕೆ ಹತ್ತು ಬಂದು ಅವುಗಳಲ್ಲಿ ಎಂಟು ಸರಿಯಿದ್ದರೆ ಪ್ರಿಸಿಷನ್ ಶೇ 80, ರೀಕಾಲ್ ಶೇ 40. ಬಲೆ ಅಗಲಿಸಿದಾಗ 30 ಬಂದು 15 ಸರಿಯಿದ್ದರೆ ರೀಕಾಲ್ ಶೇ 75ಕ್ಕೆ ಏರುತ್ತದೆ, ಪ್ರಿಸಿಷನ್ ಶೇ 50ಕ್ಕೆ ಇಳಿಯುತ್ತದೆ. ಪ್ರಿಸಿಷನ್ ಲೆಕ್ಕ ಹಾಕಲು ಪರದೆಯ ಮೇಲೆ ಬಂದದ್ದನ್ನು ಎಣಿಸಿದರೆ ಆಯಿತು. ರೀಕಾಲ್ ಲೆಕ್ಕಕ್ಕೆ ಬರದೇ ಇದ್ದದ್ದನ್ನೂ ಎಣಿಸಬೇಕು. ಕಾಣದ್ದನ್ನು ಎಣಿಸುವುದು ಹೇಗೆ? ಈ ಶಾಸ್ತ್ರದ ಚರಿತ್ರೆಯ ಬಹುಭಾಗ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಿದ್ದ ವಿಮಾನಶಾಸ್ತ್ರ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ 1950ರ ದಶಕದ ಕೊನೆಯಲ್ಲಿ ಮೊದಲ ದೊಡ್ಡ ಪರೀಕ್ಷೆಗೆ ಕೈಹಾಕಿದರು. ಸುಮಾರು 18,000 ತಾಂತ್ರಿಕ ಬರಹಗಳು, 1,200 ಪ್ರಶ್ನೆಗಳು, ನಾಲ್ಕು ಸೂಚೀ ಪದ್ಧತಿಗಳು. ಅವುಗಳಲ್ಲಿ ಒಂದು, ರಂಗನಾಥನ್ ಚಿಂತನೆಯಿಂದ ಬೆಳೆದ ಮುಖವಿಶ್ಲೇಷಣೆಯ ವರ್ಗೀಕರಣ. ಇನ್ನೊಂದು ಯೂನಿಟರ್ಮ್, ಅಂದರೆ ಬರಹದಿಂದ ಬಿಡಿಪದಗಳನ್ನು ಹೆಕ್ಕಿ ಪಟ್ಟಿ ಮಾಡುವ, ಪಂಡಿತರು ಮೂಗು ಮುರಿಯುತ್ತಿದ್ದ ವಿಧಾನ. ಪ್ರಶ್ನೆ ಹುಟ್ಟಿದ್ದು ಯಾವ ಬರಹದಿಂದಲೋ ಅದೇ ಬರಹ ಮರಳಿ ಸಿಕ್ಕರೆ ಗೆಲುವು ಎಂಬುದು ನಿಯಮ. 1962ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಯೂನಿಟರ್ಮ್ ಶೇ 82 ಪಡೆದು ಮೊದಲ ಸ್ಥಾನದಲ್ಲಿತ್ತು. ಮುಖವಿಶ್ಲೇಷಣೆಯ ಪದ್ಧತಿ ಸುಮಾರು ಶೇ 74ರೊಂದಿಗೆ ಕೊನೆಯಲ್ಲಿತ್ತು. ಪೆಟ್ಟು ಬಿದ್ದದ್ದು ವರ್ಗೀಕರಣಕ್ಕಿಂತ ಹೆಚ್ಚಾಗಿ ಅದಕ್ಕೆ ಅಂಟಿಸಿದ್ದ ಸರಣಿ ಸೂಚಿಗೆ. ಹುಡುಕುವವರು ಪದಗಳನ್ನು ಜೋಡಿಸುವ ಕ್ರಮ ಸರಣಿಯ ಕ್ರಮಕ್ಕೆ ಹೊಂದಲಿಲ್ಲ. ಇದಕ್ಕಿಂತ ದೊಡ್ಡ ಪಾಠ ಸೋಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಸಿಕ್ಕಿತು. ತಪ್ಪಿಹೋದವುಗಳಲ್ಲಿ ಬಹುಪಾಲು ಪದ್ಧತಿಯ ದೋಷದಿಂದಲ್ಲ, ಸೂಚಿ ಮಾಡಿದವರ ಕೈತಪ್ಪಿನಿಂದ, ಆತುರದಿಂದ ತಪ್ಪಿದ್ದವು. 1,400 ಬರಹಗಳ ಎರಡನೆಯ ಸುತ್ತಿನಲ್ಲೂ ಬರಹದಿಂದಲೇ ಎತ್ತಿಕೊಂಡ ಸರಳ ಬಿಡಿಪದಗಳೇ ಮುಂದಿದ್ದವು.

ಅದೇ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್ಲಾರ್ಸ್ ವ್ಯವಸ್ಥೆಯನ್ನು ಎಫ್. ವಿಲ್ಫ್ರೆಡ್ ಲ್ಯಾಂಕಾಸ್ಟರ್ ತಪಾಸಣೆಗೆ ಒಳಪಡಿಸಿದರು. ಸರಾಸರಿ ರೀಕಾಲ್ ಶೇ 57.7, ಪ್ರಿಸಿಷನ್ ಶೇ 50.4. ತಜ್ಞರು ಸೂಚಿ ಮಾಡಿ, ತಜ್ಞರೇ ಹುಡುಕಿಕೊಟ್ಟರೂ ಹತ್ತರಲ್ಲಿ ನಾಲ್ಕು ಕೈತಪ್ಪುತ್ತಿದ್ದವು. ಸೋಲು ಸೂಚೀಕರಣದಲ್ಲಾಯಿತೇ, ಪದಕೋಶದಲ್ಲೇ, ಹುಡುಕಾಟದಲ್ಲೇ, ಓದುಗನೊಡನೆ ಮಾತಾಡುವಾಗಲೇ ಎಂದು ಲ್ಯಾಂಕಾಸ್ಟರ್ ಮಾಡಿದ ವಿಂಗಡಣೆ ಇಂದಿಗೂ ಪಠ್ಯದಲ್ಲಿದೆ.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ಡೇವಿಡ್ ಬ್ಲೇರ್ ಮತ್ತು ಎಂ.ಇ. ಮ್ಯಾರನ್ 1985ರಲ್ಲಿ ಪ್ರಕಟಿಸಿದ ಅಧ್ಯಯನ. ದೊಡ್ಡ ಮೊಕದ್ದಮೆಯೊಂದರ ಸುಮಾರು 40,000 ದಾಖಲೆಗಳು, ಮೂರೂವರೆ ಲಕ್ಷ ಪುಟಗಳು ಕಂಪ್ಯೂಟರಿನಲ್ಲಿದ್ದವು. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಎಂದು ವಕೀಲರು ನಂಬಿದ್ದರು. ಸಿಗದೇ ಉಳಿದಿದ್ದ ದಾಖಲೆಗಳಿಂದ ಮಾದರಿಗಳನ್ನು ಎತ್ತಿ ಅದೇ ವಕೀಲರ ಕೈಗೆ ಕೊಟ್ಟು ಓದಿಸಿದಾಗ ನಿಜ ಹೊರಬಂತು: ಸಿಕ್ಕದ್ದು ಸುಮಾರು ಶೇ 20 ಮಾತ್ರ. ವಕೀಲರು ‘ಅಪಘಾತ’ ಎಂದು ಹುಡುಕಿದ್ದರು. ಆಪಾದನೆ ಹೊತ್ತ ಕಡೆಯವರು ತಮ್ಮ ಪತ್ರಗಳಲ್ಲಿ ಅದನ್ನು ‘ಘಟನೆ’, ‘ಪರಿಸ್ಥಿತಿ’, ‘ತೊಂದರೆ’ ಎಂದೆಲ್ಲ ಕರೆದುಕೊಂಡಿದ್ದರು. ತಪ್ಪು ಮಾಡಿದವರು ತಪ್ಪಿನ ಹೆಸರು ಬರೆಯುವುದಿಲ್ಲ ಎಂಬುದನ್ನು ಯಾವ ಅಲ್ಗಾರಿದಮ್ಮೂ ತಾನಾಗಿ ತಿಳಿದಿರಲಿಲ್ಲ.

ತೂಕ ಕಟ್ಟುವ ಭಾಗ ಬರುವ ಹೊತ್ತಿಗೆ ಲಾಗರಿದಮ್ ತಪ್ಪಿಸಿಕೊಳ್ಳಲಾಗದು. ಕೇಂಬ್ರಿಡ್ಜಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದ ಸೂತ್ರದ ತಿರುಳು ಇಷ್ಟೇ: ಸಂಗ್ರಹದಲ್ಲಿ ಅಪರೂಪವಾದ ಪದಕ್ಕೆ ಬೆಲೆ ಹೆಚ್ಚು. ಸಾವಿರ ಸುದ್ದಿಗಳಲ್ಲಿ ‘ಸರ್ಕಾರ’ 500 ಕಡೆ ಬಂದಿದ್ದರೆ, ಎರಡರ ಆಧಾರದ ಲಾಗರಿದಮ್ಮಿನಲ್ಲಿ ಅದರ ತೂಕ 1. ‘ಹೂಳು’ ಹತ್ತು ಕಡೆ ಮಾತ್ರ ಇದ್ದರೆ ತೂಕ 6.6. ಸಂತೆಯಲ್ಲಿ ‘ಅಣ್ಣಾ’ ಎಂದು ಕೂಗಿದರೆ ನೂರು ಜನ ತಿರುಗುತ್ತಾರೆ, ಹೆಸರು ಹಿಡಿದು ಕೂಗಿದರೆ ಒಬ್ಬ ತಿರುಗುತ್ತಾನೆ. ಸೂತ್ರ ಹೇಳುವುದೂ ಅದನ್ನೇ. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ವಿಭಾಗದಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಇದನ್ನು ಬಿಎಂ25 ಎಂಬ ಸೂತ್ರವಾಗಿ ಬೆಳೆಸಿದರು. ಪದಗಳನ್ನು ಅಂಕಿಗಳ ಸಾಲಾಗಿಸಿ ಅರ್ಥ ಹಿಡಿಯಹೊರಟ ಈಚಿನ ನರಜಾಲ ಮಾದರಿಗಳನ್ನೂ ಮೊದಲು ಬಿಎಂ25ರ ಎದುರು ನಿಲ್ಲಿಸಿ ನೋಡುವುದು ವಾಡಿಕೆ.

ಕನ್ನಡದ ತೊಡಕುಗಳು

ಪಠ್ಯಪುಸ್ತಕಗಳ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷ್ ಪದಗಳ ಬಾಲ ಕತ್ತರಿಸಲು ಮಾರ್ಟಿನ್ ಪೋರ್ಟರ್ 1980ರಲ್ಲಿ ಬರೆದ ಪುಟ್ಟ ನಿಯಮಾವಳಿ ಸಾಕಾಗುತ್ತದೆ. ಕನ್ನಡದಲ್ಲಿ ಬಾಲವೇ ಮೈಗಿಂತ ಉದ್ದ. ಮನೆಯಿಂದ, ಮನೆಗಳಲ್ಲಿ, ಮನೆಯವರಿಗೂ, ಮನೆಯಲ್ಲಿಲ್ಲ. ಕೊನೆಯದರಲ್ಲಿ ವಿಭಕ್ತಿಯೂ ‘ಇಲ್ಲ’ವೂ ಸಂಧಿಯಾಗಿ ಬೆಸೆದುಕೊಂಡಿವೆ. ಸಮಾಸದಲ್ಲಿ ಪದದ ತಲೆಯೇ ಬದಲಾಗುತ್ತದೆ: ಮಳೆ ‘ಮುಂಗಾರುಮಳೆ’ಯಲ್ಲಿ ಸಿಕ್ಕೀತು, ಕಾಲ ‘ಮಳೆಗಾಲ’ದಲ್ಲಿ ಸಿಗದು.

ಅದಕ್ಕೂ ಕೆಳಗಿನ ಪದರದಲ್ಲಿ ಅಕ್ಷರಗಳ ಸಮಸ್ಯೆಯಿದೆ. ಯೂನಿಕೋಡ್ ಬಳಕೆ ಹರಡುವ ಮುನ್ನ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳಿಂದ ಬೆರಳಚ್ಚಾದ ಕಡತಗಳಲ್ಲಿ, ಪರದೆಯ ಮೇಲೆ ‘ಕೆರೆ’ ಎಂದು ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕಿದರೆ ಉತ್ತರ ಸೊನ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಅಪಾರ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಶೀರ್ಷಿಕೆ, ಲೇಖಕರ ಹೆಸರು ಮಾತ್ರ ಮನಸ್ಸಿಗೆ ಬಂದ ಕಾಗುಣಿತದ ರೋಮನ್ ಲಿಪಿಯಲ್ಲಿ ದಾಖಲಾದವು. ಪುಸ್ತಕ ಉಳಿಯಿತು, ದಾರಿ ಉಳಿಯಲಿಲ್ಲ. ಆ ಹೆಸರುಗಳನ್ನು ಮರಳಿ ಕನ್ನಡ ಲಿಪಿಗೆ ತರುವ ಕೆಲಸವನ್ನು ಆಮೇಲೆ ‘ಸಂಚಯ’ದಂಥ ಸ್ವಯಂಸೇವಕರ ತಂಡಗಳು ಕೈಗೆತ್ತಿಕೊಳ್ಳಬೇಕಾಯಿತು.

ಅಳೆಯುವ ಕೆಲಸ ಈಗ ಸಾಮೂಹಿಕವಾಗಿದೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಟ್ರೆಕ್ ಸಮಾವೇಶದಲ್ಲಿ 25 ತಂಡಗಳು ಒಂದೇ ಸಂಗ್ರಹದ ಮೇಲೆ ಒಂದೇ ಪ್ರಶ್ನೆಗಳನ್ನು ಓಡಿಸಿದವು. ಲಕ್ಷಾಂತರ ಬರಹಗಳನ್ನು ಪೂರ್ತಿ ಓದುವುದು ಆಗದ ಮಾತು; ಆದ್ದರಿಂದ ಪ್ರತಿ ತಂಡದ ಮೇಲಿನ ಸಾಲುಗಳನ್ನು ಒಂದೇ ಕೊಳಕ್ಕೆ ಸುರಿದು, ಆ ಕೊಳವನ್ನಷ್ಟೇ ತೀರ್ಪುಗಾರರು ಓದುತ್ತಾರೆ. ಕೊಳದ ಹೊರಗಿದ್ದದ್ದು ಅನುಪಯುಕ್ತವೆಂಬುದು ಒಪ್ಪಂದ, ಸಾಬೀತಲ್ಲ. ಭಾರತೀಯ ಭಾಷೆಗಳಿಗೆ ಇದೇ ಮಾದರಿಯ ಫೈರ್ ವೇದಿಕೆ 2008ರಲ್ಲಿ ಕೋಲ್ಕತ್ತದಲ್ಲಿ ಬಂಗಾಳಿ, ಹಿಂದಿ, ಮರಾಠಿ ಪತ್ರಿಕಾ ಬರಹಗಳೊಂದಿಗೆ ಆರಂಭವಾಯಿತು.

ಇದನ್ನು ಪುಟ್ಟ ಪ್ರಮಾಣದಲ್ಲಿ ಯಾವ ವಿಭಾಗದಲ್ಲೂ ಮಾಡಿಸಬಹುದು. ಇನ್ನೂರು ಕನ್ನಡ ಸುದ್ದಿ, ಐದು ಪ್ರಶ್ನೆ, ಒಬ್ಬರನ್ನೊಬ್ಬರು ನೋಡದೆ ಗುರುತು ಹಾಕುವ ಇಬ್ಬರು ವಿದ್ಯಾರ್ಥಿಗಳು. ‘ಕೆರೆ ಒತ್ತುವರಿ’ ಎಂಬ ಪ್ರಶ್ನೆಗೆ ‘ಕೆರೆಯಂಗಳದ ಗುಡಿ ತೆರವಿಗೆ ಗ್ರಾಮಸ್ಥರ ವಿರೋಧ’ ಎಂಬ ಸುದ್ದಿ ಉತ್ತರವೇ? ಒಬ್ಬರು ಹೌದೆನ್ನುತ್ತಾರೆ, ಇನ್ನೊಬ್ಬರು ಅದು ಗುಡಿಯ ಸುದ್ದಿ ಎನ್ನುತ್ತಾರೆ. ಉಪಯುಕ್ತತೆ ಎಂಬುದು ಬರಹದ ಗುಣವಲ್ಲ, ಓದುವವರ ಕೆಲಸಕ್ಕೆ ಅಂಟಿದ್ದು ಎಂಬ ಅರ್ಧ ಸೆಮಿಸ್ಟರಿನ ಸಿದ್ಧಾಂತ ಆ ಜಗಳದಲ್ಲಿ ಹತ್ತು ನಿಮಿಷಕ್ಕೆ ತಲೆಗೆ ಹೋಗುತ್ತದೆ.

ಇಂಥ ತರಬೇತಿ ಪಡೆದವರು ಎಲ್ಲಿ ಬೇಕಾಗುತ್ತಾರೆ? ಊಟದ ಹೋಟೆಲು ಹುಡುಕುವವರಿಗೆ ಒಂದು ಒಳ್ಳೆಯ ಉತ್ತರ ಸಾಕು. ರೀಕಾಲ್ ಯಾರಿಗೂ ಬೇಡ. ಒಂದೂ ತಪ್ಪಬಾರದು ಎನ್ನುವ ಕೆಲಸಗಳು ಬೇರೆ: ಒಂದು ಔಷಧದ ಮೇಲಿನ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸುವ ವೈದ್ಯಕೀಯ ಸಮೀಕ್ಷೆ, ಕೋರ್ಟಿನ ದಾಖಲೆ ಶೋಧ, ಪೇಟೆಂಟ್ ತಪಾಸಣೆ. ಅರಿಶಿನದ ಪ್ರಕರಣ ಕೊನೆಯದಕ್ಕೆ ಸೇರಿದ್ದು. ಗಾಯ ಮಾಯಿಸಲು ಅರಿಶಿನ ಬಳಸುವುದು ಹೊಸ ಆವಿಷ್ಕಾರವೆಂದು ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಸಿಕ್ಕಿತು. ಸಿಎಸ್‌ಐಆರ್ ಸಂಸ್ಥೆ ಹಳೆಯ ಗ್ರಂಥಗಳನ್ನೂ, ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ 1953ರಲ್ಲಿ ಬಂದಿದ್ದ ಲೇಖನವನ್ನೂ ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಪುರಾವೆ ಅಚ್ಚಾಗಿ ನಾಲ್ಕು ದಶಕ ಕಳೆದಿತ್ತು; ತಪಾಸಣೆಗೆ ಕೂತವರ ಬಲೆಗೆ ಬಿದ್ದಿರಲಿಲ್ಲ, ಅಷ್ಟೆ.

2001ರಲ್ಲಿ ಶುರುವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಈ ಕಂದಕ ಮುಚ್ಚಲು ಹುಟ್ಟಿದ್ದು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಯೋಗಗಳಿಗೆ ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದ ಮಾದರಿಯಲ್ಲೇ ಹೊಸದೊಂದು ವರ್ಗೀಕರಣ ಕಟ್ಟಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಓದಲು ಬರುವಂತೆ ಮಾಡಲಾಯಿತು. 2009ರಿಂದ ಯುರೋಪಿನ ಪೇಟೆಂಟ್ ಕಚೇರಿಯ ತಪಾಸಣಾಧಿಕಾರಿಗಳಿಗೂ ಅದು ತೆರೆದಿದೆ. ಸಂಸ್ಕೃತ ಬಾರದ ಅಧಿಕಾರಿಯೊಬ್ಬರು ಮ್ಯೂನಿಕ್ಕಿನಲ್ಲಿ ಕೂತು ಗಿಡದ ಲ್ಯಾಟಿನ್ ಹೆಸರು ಹಾಕಿದರೂ ‘ಹರಿದ್ರಾ’ ಎಂದು ಬರೆದ ಶ್ಲೋಕದ ನಮೂದು ಅವರ ಪರದೆಗೆ ಬರಬೇಕು ಎಂಬುದು ಅದರ ಏರ್ಪಾಟು.